ವೃದ್ಧರ ಚಲನಶಕ್ತಿಯ ಪರೀಕ್ಷೆ ಮತ್ತು ಮನೆಯವರ ಸಾಕ್ಷ್ಯ

ವೃದ್ಧರು ಎಷ್ಟರಮಟ್ಟಿಗೆ ನಡೆದಾಡಬಲ್ಲರೆಂಬುದನ್ನು ನಿರ್ಣಯಿಸುವಲ್ಲಿ ವೈದ್ಯರ ಕಣ್ಣು ಪ್ರಮಾಣವೋ, ಮನೆಯವರ ಮಾತು ಪ್ರಮಾಣವೋ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಅಲ್ಪವೆಂದು ತೋರಬಹುದು. ಆದರೆ ಅವರು ತಮ್ಮ ಮನೆಯಲ್ಲಿಯೇ ಬಾಳಬಹುದೆ, ಅನ್ಯರ ಆಶ್ರಯಕ್ಕೆ ಹೋಗಬೇಕೆ ಎಂಬುದು ಬಹುಮಟ್ಟಿಗೆ ಈ ನಿರ್ಣಯವನ್ನೇ ಅವಲಂಬಿಸಿರುವುದರಿಂದ, ಅದರ ಇತಿಹಾಸವನ್ನು ಇಲ್ಲಿ ಸಂಗ್ರಹವಾಗಿ ಪರಿಶೀಲಿಸುತ್ತೇವೆ.

೧೯೩೫ರಲ್ಲಿ ಇಂಗ್ಲೆಂಡಿನ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯ ವೈದ್ಯೆ ಮಾರ್ಜರಿ ವಾರನ್ ಅವರು ನೆರೆಯ ಬಡವರ ಆಸ್ಪತ್ರೆಯ ೭೧೪ ರೋಗಿಗಳ ಹೊಣೆಯನ್ನು ವಹಿಸಿಕೊಂಡರು. ಬಹುಕಾಲದಿಂದ ಹಾಸಿಗೆ ಹಿಡಿದಿದ್ದವರನ್ನು ಒಬ್ಬೊಬ್ಬರನ್ನಾಗಿ ಪರೀಕ್ಷಿಸಿ, ವಿಂಗಡಿಸಿ, ಅನೇಕರನ್ನು ಎಬ್ಬಿಸಿ ನಡೆಯಿಸಿದರು. ಕೆಲವರು ಮನೆಗೂ ಮರಳಿದರು. ನಿಶ್ಚಲತೆಗೆ ವಯಸ್ಸೊಂದೇ ಕಾರಣವಲ್ಲ, ಹಾಸಿಗೆಯೂ ಕಾರಣವೆಂಬುದು ಹೀಗೆ ಸ್ಪಷ್ಟವಾಯಿತು.

ಮುಂದೆ ಅಳತೆಗಳು ಹುಟ್ಟಿದವು. ೧೯೬೩ರಲ್ಲಿ ಅಮೆರಿಕದ ಸಿಡ್ನಿ ಕಾಟ್ಸ್ ಮತ್ತು ಅವರ ಸಹೋದ್ಯೋಗಿಗಳು ಸ್ನಾನ, ಉಡುಪು, ಶೌಚ, ಹಾಸಿಗೆಯಿಂದ ಏಳುವುದು, ಮಲಮೂತ್ರಗಳ ಹಿಡಿತ, ಊಟ ಎಂಬ ಆರು ನಿತ್ಯಕರ್ಮಗಳನ್ನು ಒರೆಗಲ್ಲಾಗಿ ಮಾಡಿದರು. ೧೯೬೫ರಲ್ಲಿ ಪ್ರಕಟವಾದ ಬಾರ್ಥೆಲ್ ಸೂಚಿಯು ನಡಿಗೆಗೂ ಮೆಟ್ಟಿಲು ಹತ್ತುವುದಕ್ಕೂ ಅಂಕಗಳನ್ನು ಗೊತ್ತುಮಾಡಿತು. ೧೯೯೧ರಲ್ಲಿ ಪೊಡ್ಸಿಯಾಡ್ಲೊ ಮತ್ತು ರಿಚರ್ಡ್‌ಸನ್ ಎಂಬವರು, ಕುರ್ಚಿಯಿಂದ ಎದ್ದು ೩ ಮೀಟರ್ ನಡೆದು, ಹಿಂದಿರುಗಿ ಕುಳಿತುಕೊಳ್ಳಲು ಹಿಡಿಯುವ ಕಾಲವನ್ನು ಗಡಿಯಾರದಿಂದ ಅಳೆಯುವ ಪರೀಕ್ಷೆಯನ್ನು ಪ್ರಕಟಿಸಿದರು.

ಪರೀಕ್ಷೆ ಮುಗಿದು ಮನೆಗೆ ಮರಳಿದ ಮೇಲೆ ವೃದ್ಧರ ನಡಿಗೆಯನ್ನು ದಿನವೂ ಕಾಣುವವರು ಮನೆಯವರೇ. ಅವರ ಮಾತಿಗೆ ಬೆಲೆಯೆಷ್ಟು? ೧೯೮೪ರಲ್ಲಿ ರೂಬೆನ್‌ಸ್ಟೈನ್ ಮತ್ತು ಸಂಗಡಿಗರು ಮಾಡಿದ ಅಧ್ಯಯನದಲ್ಲಿ, ದಾದಿಯರ ಎಣಿಕೆಗಿಂತ ವೃದ್ಧರು ತಮ್ಮ ಶಕ್ತಿಯನ್ನು ಹೆಚ್ಚಾಗಿಯೂ, ಮನೆಯವರು ಅದನ್ನು ಕಡಮೆಯಾಗಿಯೂ ಹೇಳುವ ಪ್ರವೃತ್ತಿ ಕಂಡುಬಂದಿತು. ಇದರಿಂದ ಮನೆಯವರ ಸಾಕ್ಷ್ಯ ಅಗ್ರಾಹ್ಯವೆಂದು ತೀರ್ಮಾನಿಸುವುದು ಉಚಿತವಲ್ಲ. ಆಸ್ಪತ್ರೆಯ ಸಮನೆಲದ ಮೇಲೆ ನಡೆಯುವವರು ಮನೆಯ ಹೊಸ್ತಿಲಿನಲ್ಲಿ, ಒದ್ದೆ ಬಚ್ಚಲಿನಲ್ಲಿ, ಇರುಳಿನ ಕತ್ತಲೆಯಲ್ಲಿ ತಡವರಿಸಬಹುದು. ವೈದ್ಯರು ನೋಡುವುದು ‘ಮಾಡಬಲ್ಲರೆ’ ಎಂಬುದನ್ನು. ಮನೆಯವರು ಬಲ್ಲುದು ‘ಮಾಡುತ್ತಾರೆಯೆ’ ಎಂಬುದನ್ನು. ಬಾರ್ಥೆಲ್ ಸೂಚಿಗೆ ೧೯೮೮ರಲ್ಲಿ ಇಂಗ್ಲೆಂಡಿನಲ್ಲಿ ರಚಿತವಾದ ನಿಯಮಗಳು ಈ ಎರಡನೆಯದನ್ನೇ ದಾಖಲಿಸಬೇಕೆಂದು ವಿಧಿಸಿ, ರೋಗಿ, ಬಂಧುಮಿತ್ರರು, ದಾದಿಯರು ಈ ಮೂವರನ್ನೂ ಕೇಳಬೇಕೆಂದು ಸೂಚಿಸಿದುದು ಗಮನಾರ್ಹ.

ಆದರೂ ಮನೆಯವರ ಸಾಕ್ಷ್ಯಕ್ಕೆ ಒಂದು ಮಿತಿಯುಂಟು. ಆರೈಕೆಯಿಂದ ಬಳಲಿದವರಿಗೆ ವೃದ್ಧರ ಅಶಕ್ತಿ ಇದ್ದುದಕ್ಕಿಂತ ದೊಡ್ಡದಾಗಿ ತೋರಬಹುದು. ಬಿದ್ದಾರೆಂಬ ಭಯದಿಂದ ಏಳಗೊಡದವರಿಗೆ ಅವರ ಶಕ್ತಿ ತಿಳಿಯುವ ಅವಕಾಶವೇ ಇರದು. ಆದುದರಿಂದ ಮೂವರ ಹೇಳಿಕೆಗಳನ್ನೂ ಬೇರೆಬೇರೆಯಾಗಿ ಬರೆದಿಟ್ಟು, ಅವು ಭಿನ್ನವಾದಲ್ಲಿ ಕಾರಣವನ್ನು ಆ ಮನೆಯಲ್ಲಿಯೇ ಹುಡುಕುವುದು ಯುಕ್ತವೆಂದು ನಾವು ಭಾವಿಸುತ್ತೇವೆ.