ಹೊಗೆಕೊಳವೆಯ ಕಾವಲುಗಾರ

ಪೆಟ್ರೋಲ್ ಕಾರಿನ ಪ್ರತಿ ಸಿಲಿಂಡರಿನಿಂದ ಒಂದೊಂದು ಕವಲು ಹೊರಟು, ಮುಂದೆ ಎಲ್ಲವೂ ಒಂದೇ ಕೊಳವೆಯಾಗಿ ಕೂಡುವ ಭಾಗವೇ ಎಕ್ಸಾಸ್ಟ್ ಮ್ಯಾನಿಫೋಲ್ಡ್. ಬಹುಕಾಲ ಅದು ಬರೀ ಎರಕದ ಕಬ್ಬಿಣದ ತುಂಡು. ಉರಿದ ಅನಿಲವನ್ನು ಸೈಲೆನ್ಸರಿನತ್ತ ಸಾಗಿಸಿದರೆ ಅದರ ಕೆಲಸ ಮುಗಿಯಿತು. ಕಾದು, ಆರಿ, ಮತ್ತೆ ಕಾದು ಬಿರುಕುಬಿಟ್ಟು ಟಕಟಕ ಸದ್ದು ಮಾಡಿದಾಗಷ್ಟೇ ಮೆಕ್ಯಾನಿಕ್ ಅದರ ಕಡೆ ನೋಡುತ್ತಿದ್ದ. ಅದರ ಪಕ್ಕಕ್ಕೆ ಹೊಗೆಯಲ್ಲಿನ ಆಮ್ಲಜನಕವನ್ನು ಅಳೆಯುವ ಆಕ್ಸಿಜನ್ ಸೆನ್ಸರ್ ಬಂದು ಕೂತದ್ದು 1970ರ ದಶಕದಲ್ಲಿ, ಲಾಸ್ ಏಂಜಲಿಸ್ ನಗರದ ಹೊಗೆಮಂಜಿನ ದೆಸೆಯಿಂದ.

1943ರ ಜುಲೈನಲ್ಲಿ ಆ ನಗರವನ್ನು ಕಣ್ಣು ಉರಿಸುವ ಮಬ್ಬು ಕವಿಯಿತು. ಅನಾನಸ್ ಹಣ್ಣಿನ ಪರಿಮಳದ ಮೇಲೆ ಕೆಲಸ ಮಾಡುತ್ತಿದ್ದ ರಸಾಯನ ವಿಜ್ಞಾನಿ ಆರೀ ಹಾಗೆನ್-ಸ್ಮಿಟ್, ಈ ಮಬ್ಬಿನ ಮೂಲ ಕಾರುಗಳ ಹೊಗೆ ಮತ್ತು ಬಿಸಿಲು ಎಂದು 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. 1970ರ ಅಮೆರಿಕದ ಶುದ್ಧ ಗಾಳಿ ಕಾಯ್ದೆ ಕಾರಿನ ಹೊಗೆಯ ವಿಷವನ್ನು ಶೇ. 90ರಷ್ಟು ತಗ್ಗಿಸಬೇಕೆಂದಿತು. 1975ರ ಮಾದರಿಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಬಂತು. ಅದು ಕಾರ್ಬನ್ ಮೊನಾಕ್ಸೈಡನ್ನೂ ಉರಿಯದೆ ಉಳಿದ ಇಂಧನವನ್ನೂ ಸುಡುತ್ತಿತ್ತು; ನೈಟ್ರೋಜನ್ ಆಕ್ಸೈಡುಗಳನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಸುಡಲು ಆಮ್ಲಜನಕ ಬೇಕು, ನೈಟ್ರೋಜನ್ ಆಕ್ಸೈಡನ್ನು ಒಡೆಯಲು ಅದು ಇರಕೂಡದು. ಎರಡೂ ಒಟ್ಟಿಗೆ ನಡೆಯುವುದು 1 ಕಿಲೋ ಪೆಟ್ರೋಲಿಗೆ ಸುಮಾರು 14.7 ಕಿಲೋ ಗಾಳಿ ಬೆರೆತಾಗ ಮಾತ್ರ. ಈ ಹದ ಹಿಡಿಯುವುದು ಆಗಿನ ಕಾರ್ಬುರೇಟರಿನ ಕೈಲಾಗದ ಮಾತು.

ದಾರಿ ಸಿಕ್ಕಿದ್ದು ಹಳೆಯದೊಂದು ಅರಿವಿನಿಂದ. ಬಿಸಿಯಾದ ಜಿರ್ಕೋನಿಯಾ ಪಿಂಗಾಣಿ ವಿದ್ಯುತ್ತನ್ನು ಹರಿಯಬಿಡುತ್ತದೆಂದು ಜರ್ಮನಿಯ ವಾಲ್ಟರ್ ನರ್ನ್‌ಸ್ಟ್ 19ನೇ ಶತಮಾನದ ಕೊನೆಯಲ್ಲೇ ಕಂಡಿದ್ದರು. ಅದರ ಒಂದು ಬದಿಗೆ ಹೊಗೆ, ಇನ್ನೊಂದು ಬದಿಗೆ ಹೊರಗಿನ ಗಾಳಿ ತಾಗಿದರೆ, ಎರಡರ ಆಮ್ಲಜನಕದ ಅಂತರಕ್ಕೆ ತಕ್ಕ ವೋಲ್ಟೇಜ್ ಹುಟ್ಟುತ್ತದೆ. ಪೆಟ್ರೋಲ್ ಹೆಚ್ಚಾದರೆ ಸುಮಾರು 0.9, ಗಾಳಿ ಹೆಚ್ಚಾದರೆ ಸುಮಾರು 0.1 ವೋಲ್ಟ್. ಅದನ್ನು ನೋಡಿ ಎಂಜಿನ್ನಿನ ಎಲೆಕ್ಟ್ರಾನಿಕ್ ನಿಯಂತ್ರಕವು ಪೆಟ್ರೋಲನ್ನು ಏರಿಸುತ್ತದೆ, ಇಳಿಸುತ್ತದೆ. ಬಾಷ್ ಕಂಪನಿ ತಯಾರಿಸಿದ ಈ ಸೆನ್ಸರನ್ನು 1976ರಲ್ಲಿ ಮೊದಲು ಹೊತ್ತದ್ದು ಅಮೆರಿಕಕ್ಕೆ ಹೋದ ವೋಲ್ವೊ ಕಾರು. 'ಲ್ಯಾಂಬ್ಡಾ ಸೋಂಡ್' ಎಂಬ ಸೆನ್ಸರಿನ ಹೆಸರನ್ನೇ ಮುಂಭಾಗದ ಜಾಲರಿಯ ಮೇಲೆ ಬಿಲ್ಲೆಯಾಗಿ ಹಚ್ಚಿಕೊಂಡು ಅದು ಮೆರೆಯಿತು.

ಸೆನ್ಸರ್ ಎಲ್ಲಿದೆಯೆಂಬುದಕ್ಕೂ ಒಂದು ಚರಿತ್ರೆಯಿದೆ. ಸುಮಾರು 300 ಡಿಗ್ರಿ ಸೆಲ್ಸಿಯಸ್ ಕಾಯದೆ ಅದು ಬಾಯಿಬಿಡದು. ಹಾಗಾಗಿ ಮೊದಲ ಸೆನ್ಸರುಗಳನ್ನು ಮ್ಯಾನಿಫೋಲ್ಡಿನ ಮೇಲೋ ಅದರ ಬುಡದಲ್ಲೋ ಕೂರಿಸಿದರು. 1982ರಲ್ಲಿ ಒಳಗೇ ಹೀಟರ್ ಇರುವ ಸೆನ್ಸರ್ ಬಂದಮೇಲೆ ಇನ್ನಷ್ಟು ಕೆಳಗೂ ಇಡಬಹುದಾಯಿತು. ಕನ್ವರ್ಟರ್ ಕೆಲಸ ಮಾಡುತ್ತಿದೆಯೇ ಎಂದು ಕಾರೇ ಪರೀಕ್ಷಿಸಿಕೊಳ್ಳಬೇಕೆಂಬ ನಿಯಮ 1996ರಲ್ಲಿ ಅಮೆರಿಕದ ಎಲ್ಲ ಹೊಸ ಕಾರುಗಳಿಗೂ ಬಂದಾಗ, ಕನ್ವರ್ಟರಿನ ಆಚೆಗೂ ಒಂದು ಸೆನ್ಸರ್ ಕೂತಿತು. ಕಾರಿನ ದೋಷ ಓದುವ ಸ್ಕ್ಯಾನರ್ ಹೇಳುವ 'ಸೆನ್ಸರ್ 1' ಕನ್ವರ್ಟರಿಗಿಂತ ಮುಂಚಿನದು, 'ಸೆನ್ಸರ್ 2' ನಂತರದ್ದು. ವಿ ಆಕಾರದ ಎಂಜಿನ್‌ಗೆ ಮ್ಯಾನಿಫೋಲ್ಡ್ ಎರಡು. 1ನೇ ಸಿಲಿಂಡರ್ ಇರುವ ಬದಿಯೇ 'ಬ್ಯಾಂಕ್ 1'.

ನೋಡಲು ಈ ಸೆನ್ಸರ್ ವೈರು ಹೊತ್ತ ಸ್ಪಾರ್ಕ್ ಪ್ಲಗ್ಗಿನಂತೆ. ಬಿಚ್ಚಲು ಸಾಮಾನ್ಯವಾಗಿ 22 ಮಿ.ಮೀ. ಪಾನಾ ಬೇಕು, ವೈರು ನುಸುಳಲು ಪಕ್ಕ ಸೀಳಿದ ಸಾಕೆಟ್ ಆದರೆ ಒಳ್ಳೆಯದು. ಆದರೆ ತಪ್ಪೆಲ್ಲ ಸೆನ್ಸರಿನದೇ ಎಂದು ಬದಲಿಸುವ ಅವಸರ ದುಬಾರಿ. ಮ್ಯಾನಿಫೋಲ್ಡಿನ ಬಿರುಕಿನಿಂದ ಹೊರಗಾಳಿ ಒಳಸೇರಿದರೂ ಸೆನ್ಸರ್ ಅದನ್ನೇ ನಂಬಿ, ಪೆಟ್ರೋಲ್ ಸಾಲದೆಂದು ವರದಿ ಕೊಡುತ್ತದೆ.

ಸೀಸ ಬೆರೆತ ಪೆಟ್ರೋಲ್ ಕನ್ವರ್ಟರಿಗೂ ಸೆನ್ಸರಿಗೂ ವಿಷ. ಭಾರತದಲ್ಲಿ ಸೀಸರಹಿತ ಪೆಟ್ರೋಲಿನ ಜೊತೆಗೆ ಕನ್ವರ್ಟರ್ ಕಡ್ಡಾಯವಾದದ್ದು 1995ರ ಏಪ್ರಿಲ್‌ನಲ್ಲಿ, ನಾಲ್ಕು ಮಹಾನಗರಗಳ ಹೊಸ ಕಾರುಗಳಿಗೆ; ಬೆಂಗಳೂರು ಆ ನಾಲ್ಕರಲ್ಲಿರಲಿಲ್ಲ. ದೇಶಕ್ಕೆಲ್ಲ ಸೀಸರಹಿತ ಪೆಟ್ರೋಲ್ ಸಿಕ್ಕಿದ್ದು 2000ದಲ್ಲಿ. 2020ರ ಏಪ್ರಿಲ್ 1ರಂದು ಬಿಎಸ್-6 ಎಂಬ ಹೊಗೆ ನಿಯಮ ಜಾರಿಯಾದ ಮೇಲೆ ಬಹುತೇಕ ಹೊಸ ಬೈಕು, ಸ್ಕೂಟರುಗಳ ಹೊಗೆಕೊಳವೆಯಲ್ಲೂ ಈ ಸೆನ್ಸರ್ ಇದೆ.