ಐದು ಖಜಾನೆಗಳು ಒಂದಾದ ಬಗೆ

(ಬಾನುಲಿ ಭಾಷಣ)

ಕನ್ನಡ ನಾಡು ಒಂದಾದ ಕಥೆಯನ್ನು ನಾವು ಕವಿಗಳಿಂದ ಕೇಳಿದ್ದೇವೆ. ಹೋರಾಟದಲ್ಲಿ ಸೆರೆಮನೆ ಕಂಡವರ ನೆನಪುಗಳಲ್ಲಿ ಓದಿದ್ದೇವೆ. ಕಾರಕೂನರ ಬಾಯಿಂದ ಕೇಳಿದವರು ವಿರಳ. ಏಕೀಕರಣದ ಕುಲಪುರೋಹಿತರೆನಿಸಿದ ಆಲೂರು ವೆಂಕಟರಾಯರು ಹುಟ್ಟಿದ್ದು 1880ರಲ್ಲಿ, ನಮ್ಮ ವಿಜಾಪುರದಲ್ಲೇ. ಅವರು ಕಂಡ ಕನಸು 1956ರ ನವೆಂಬರ್ 1ರ ಗುರುವಾರ ನನಸಾಯಿತು. ಆದರೆ ಆ ಗುರುವಾರದಿಂದ ತೆರಿಗೆ ಯಾವ ಕಾಯಿದೆಯಂತೆ ವಸೂಲಾಗಬೇಕು, ಸಂಬಳ ಯಾವ ನಿಧಿಯಿಂದ ಹೊರಡಬೇಕು, ಹಳೆಯ ಸಾಲ ಯಾರ ತಲೆಗೆ ಎಂಬ ಪ್ರಶ್ನೆಗಳಿಗೆ ಕನಸಿನಲ್ಲಿ ಉತ್ತರವಿರಲಿಲ್ಲ. ಅದನ್ನು ಬರೆದವರು ಖಾತೆಪುಸ್ತಕದ ಮುಂದೆ ಕುಳಿತ ಜನ. ನನ್ನ ತಂದೆಯವರು ಅಂಥವರಲ್ಲಿ ಒಬ್ಬರಾಗಿದ್ದರು, ಮುಂಬಯಿ ಸರಕಾರದ ಕಂದಾಯ ಇಲಾಖೆಯ ಒಬ್ಬ ಸಾಮಾನ್ಯ ಕಾರಕೂನರು. ಆದುದರಿಂದ ಈ ಕಥೆಯನ್ನು ಆ ಮಗ್ಗುಲಿಂದ ಹೇಳುವ ಸಲುಗೆಯನ್ನು ಕೇಳುಗರು ನನಗೆ ಕೊಡಬೇಕು.

ಆಗ ನನಗೆ ಎಂಟು ವರ್ಷ. ನಮ್ಮ ಬಾಡಿಗೆ ಮನೆ ಇದ್ದದ್ದು ಸ್ಟೇಷನ್ ರಸ್ತೆಯಲ್ಲಿ. ಮಾಳಿಗೆ ಹತ್ತಿದರೆ ಗೋಳಗುಮ್ಮಟ ಕಣ್ಣಿಗೆ ತುಂಬುತ್ತಿತ್ತು. ಅದರಾಚೆ ರೈಲಿನ ಹೊಗೆ. ಆ ರೈಲು 1884ರಲ್ಲಿ ಬಂದದ್ದು. ಮರುವರ್ಷ ಜಿಲ್ಲೆಯ ಮುಖ್ಯ ಠಾಣೆಯನ್ನು ಕಲಾದಗಿಯಿಂದ ಇಲ್ಲಿಗೆ ತಂದರು. ಆದಿಲಶಾಹಿ ಮಹಲುಗಳಲ್ಲಿ ಸರಕಾರಿ ದಫ್ತರಗಳು ಕೂತವು. ಹಾಳು ಬಿದ್ದ ರಾಜಧಾನಿಯೊಂದು ಹೀಗೆ ಕಂದಾಯದ ಊರಾಗಿ ಮತ್ತೆ ಜೀವ ಹಿಡಿಯಿತು.

ನಮ್ಮ ಮನೆಯಿಂದ ನಾಲ್ಕು ಮನೆ ಆಚೆ, ಸರಕಾರಿ ಹೈಸ್ಕೂಲಿನಿಂದ ನಿವೃತ್ತರಾದ ಮಾಸ್ತರರೊಬ್ಬರಿದ್ದರು. ಅಕ್ಟೋಬರದ ಕೊನೆಯ ಸಂಜೆಗಳಲ್ಲಿ ಒಮ್ಮೆ ಅವರು ನಮ್ಮ ಕಟ್ಟೆಗೆ ಬಂದು ಕೂತು ತಂದೆಯವರಿಗೆ ಹೇಳಿದ ಮಾತು ನನಗೆ ಇಂದಿಗೂ ನೆನಪಿದೆ.

"ಏನ್ರೀ ರಾಯರ, ನನಗ ಪೆನ್ಷನ್ ಬರದು ಕೊಟ್ಟಾಂವ ಮುಂಬಯಿಯಾಂವ. ಬರೂ ಗುರುವಾರದಿಂದ ನಾ ಮೈಸೂರಿನಾಂವ. ಅಂವ ಇನ್ನ ನನ್ನ ಬಾಬ್ತು ಅಲ್ಲ ಅಂತಾನ. ಇಂವ ನೀ ಯಾರು ಅಂತಾನ. ನಡುವ ನಾ ಉಪಾಸ ಬೀಳಬೇಕೇನು?"

"ಹಂಗಾಗೂದಿಲ್ರಿ ಮಾಸ್ತರ. ಎಲ್ಲಾ ಕಾಯಿದೆದಾಗ ಬರದಾರ."

"ಆ ಕಾಯಿದೆ ನೀವು ಓದೀರೇನು?"

"ಇಲ್ರಿ, ಪ್ರತಿ ಇನ್ನೂ ಬಂದಿಲ್ಲ."

ಇಬ್ಬರೂ ನಕ್ಕರು. ಮಾಸ್ತರರ ನಗೆಯಲ್ಲಿ ಮಾತ್ರ ನೆಮ್ಮದಿಯಿರಲಿಲ್ಲ. ಏಕೀಕರಣಕ್ಕಾಗಿ ಸಭೆಗಳಲ್ಲಿ ಭಾಷಣ ಮಾಡಿದವರು ಅವರು. ಹರ್ಷಕ್ಕೂ ಅಂಜಿಕೆಗೂ ಒಂದೇ ಎದೆಯಲ್ಲಿ ಜಾಗವಿತ್ತು.

ಹೊಸದಾಗಿ ಹುಟ್ಟಿದ ಯಾವ ರಾಷ್ಟ್ರಕ್ಕೂ, ಯಾವ ರಾಜ್ಯಕ್ಕೂ ಮೊದಲು ಎದುರಾಗುವುದು ಮಾಸ್ತರರ ಈ ಪ್ರಶ್ನೆಯೇ. ಭಾರತಕ್ಕೂ ಅದು ಎದುರಾಗಿತ್ತು. ಸ್ವತಂತ್ರ ಭಾರತದ ಮೊದಲ ಆಯವ್ಯಯವನ್ನು ಆರ್. ಕೆ. ಷಣ್ಮುಖಂ ಚೆಟ್ಟಿಯವರು 1947ರ ನವೆಂಬರ್ 26ರಂದು ಮಂಡಿಸಿದರು. ಅದು ಏಳೂವರೆ ತಿಂಗಳ ಲೆಕ್ಕ. ಆದಾಯ ಸುಮಾರು 171 ಕೋಟಿ, ವೆಚ್ಚ 197 ಕೋಟಿ, ಆ ವೆಚ್ಚದಲ್ಲಿ ಸುಮಾರು 93 ಕೋಟಿ ರಕ್ಷಣೆಗೆ. ಮುಂದೆ 1948ರ ಜೂನ್ ಕೊನೆಯವರೆಗೂ ನಮ್ಮ ರಿಜರ್ವ್ ಬ್ಯಾಂಕೇ ಪಾಕಿಸ್ತಾನಕ್ಕೂ ಬ್ಯಾಂಕಾಗಿತ್ತು. ದೇಶ ಎರಡಾದರೂ ತಿಜೋರಿ ಒಂದೇ ದಿನದಲ್ಲಿ ಎರಡಾಗಲಿಲ್ಲ. ಅಲ್ಲಿ ಒಂದನ್ನು ಎರಡಾಗಿಸುವ ಕಷ್ಟವಾದರೆ, ಒಂಬತ್ತು ವರ್ಷದ ತರುವಾಯ ಕನ್ನಡ ನಾಡಿಗೆ ಐದನ್ನು ಒಂದಾಗಿಸುವ ಕಷ್ಟ.

ಆ ಐದೂ ಎಷ್ಟು ಬೇರೆಯಾಗಿದ್ದವೆಂಬುದನ್ನು ಇಂದಿನವರು ಊಹಿಸುವುದು ಸುಲಭವಲ್ಲ. ಊರ ಲೆಕ್ಕ ಬರೆಯುವವನು ನಮ್ಮಲ್ಲಿ ಕುಲಕರ್ಣಿಯಾಗಿದ್ದು, ಆ ವತನ 1951ರಲ್ಲಿ ರದ್ದಾದ ಮೇಲೆ ಸಂಬಳದ ತಲಾಟಿಯಾಗಿದ್ದ. ಮೈಸೂರಿನಲ್ಲಿ ಅವನು ಶಾನುಭೋಗ, ಕಲಬುರ್ಗಿಯಲ್ಲಿ ಪಟವಾರಿ. ತಾಲೂಕಿನ ಅಧಿಕಾರಿ ನಮಗೆ ಮಾಮಲೇದಾರ, ಅವರಿಗೆ ಅಮಲ್ದಾರ, ಇವರಿಗೆ ತಹಸೀಲ್ದಾರ. ಹೆಸರು ಬೇರೆಯಾದರೆ ಏನಂತೆ ಎನ್ನಬಹುದು. ಹೆಸರಿನ ಹಿಂದೆ ರಾಜ್ಯಾಡಳಿತದ ಕಲ್ಪನೆಯೇ ಬೇರೆಯಾಗಿತ್ತು. ನಮ್ಮದು ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟರು ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ರೂಪಿಸಿದ ಸರ್ವೇ ಪದ್ಧತಿ; ಪ್ರತಿ ನಂಬರಿಗೂ ಮಣ್ಣು ನೋಡಿ ಆಕಾರ ಕಟ್ಟಿದ್ದು. ದಕ್ಷಿಣ ಕನ್ನಡದ್ದು ಮದರಾಸಿನ ರೈತವಾರಿ. ಕೊಡಗಿನಲ್ಲಿ ಜಮ್ಮಾ ಭೂಮಿಗೆ ಅರ್ಧ ಕಂದಾಯ.

ಮೈಸೂರಿನದು ಸ್ವತಂತ್ರ ಸಂಸಾರ. 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ತು ಮಾರಿದ ಸರಕಾರ ಅದು. ಗಂಧದೆಣ್ಣೆ, ಭದ್ರಾವತಿಯ ಕಬ್ಬಿಣ, ಕೋಲಾರದ ಚಿನ್ನದ ರಾಜಧನ ಎಲ್ಲವೂ ಅದರ ಆದಾಯದ ಖಾತೆಯಲ್ಲಿದ್ದವು. ಅದರ ಹಣಕಾಸಿನ ವರ್ಷವೂ ಜುಲೈನಿಂದ ಜೂನ್‌ವರೆಗೆ. ಇದೆಲ್ಲ 1950ರ ಏಪ್ರಿಲ್ 1ರವರೆಗೆ. ಆ ದಿನ ಸಂಸ್ಥಾನಗಳ ಹಣಕಾಸು ಒಕ್ಕೂಟದೊಡನೆ ಸೇರಿತು. ರೈಲು, ಆದಾಯ ತೆರಿಗೆ ದಿಲ್ಲಿಗೆ ಹೋದವು. ಬಿದ್ದ ಖೋತಾ ತುಂಬಲು ಕೆಲವು ವರ್ಷ ದಿಲ್ಲಿಯಿಂದ ಅನುದಾನ ಬಂತು. ಇದನ್ನೆಲ್ಲ ಹೊಂದಿಸಿಕೊಟ್ಟದ್ದು ವಿ. ಟಿ. ಕೃಷ್ಣಮಾಚಾರಿಯವರ ಸಮಿತಿ.

ಇನ್ನು ಹೈದರಾಬಾದು. ನಮ್ಮ ಸಿಂದಗಿ ತಾಲೂಕಿನ ಗಡಿ ದಾಟಿದರೆ ಹಿಂದೆ ನಾಣ್ಯವೇ ಬೇರೆ. ಇಂಗ್ಲಿಷ್ ಸರಕಾರದ ರೂಪಾಯಿ "ಕಲದಾರ", ನಿಜಾಮನದು "ಹಾಲಿ". ನೂರು ಕಲದಾರಕ್ಕೆ ಸುಮಾರು ನೂರಾ ಹದಿನೇಳು ಹಾಲಿ. ಸಂತೆಗೆ ದನ ಹೊಡೆದುಕೊಂಡು ಹೋದವನು ಮೊದಲು ಕೇಳಬೇಕಾದದ್ದು ದನದ ಹಲ್ಲಲ್ಲ, ಯಾವ ರೂಪಾಯಿ ಎಂದು. ಗಡಿಯ ನಾಕೆಯಲ್ಲಿ ಕರೋಡಗಿರಿ ಎಂಬ ಸುಂಕ. ವರ್ಷ ಫಸಲಿ. ಎಲ್ಲಕ್ಕಿಂತ ಮಿಗಿಲಾಗಿ, ಅಲ್ಲಿ ಅರಸನ ಸ್ವಂತ ಸೀಮೆಯ ಉತ್ಪನ್ನ "ಸರ್ಫೆ ಖಾಸ್" ಎಂದು ಬೇರೆಯೇ ಇತ್ತು. 1949ರಲ್ಲಿ ಅದು ಸರಕಾರದ ಸೀಮೆಯಲ್ಲಿ ಸೇರಿತು, ಅದೇ ವರ್ಷ ಜಹಗೀರುಗಳೂ ಹೋದವು. ಅರಸನ ಚೀಲ ಬೇರೆ, ಪ್ರಜೆಗಳ ಬೊಕ್ಕಸ ಬೇರೆ, ಎರಡನೆಯದಕ್ಕೆ ಲೆಕ್ಕ ಒಪ್ಪಿಸಬೇಕು ಎಂಬುದು ನಮಗೀಗ ಸಹಜವಾಗಿ ತೋರುತ್ತದೆ. ಕಲಬುರ್ಗಿಯ ರೈತನಿಗೆ ಅದು ನಡುವಯಸ್ಸಿನಲ್ಲಿ ಬಂದ ಹೊಸ ಸುದ್ದಿ.

ಇವೆಲ್ಲ ಒಂದು ಸಂಚಿತ ನಿಧಿಯಾಗಬೇಕಿತ್ತು. 1956ರ ರಾಜ್ಯ ಪುನರ್ವಿಂಗಡಣಾ ಕಾಯಿದೆಯನ್ನು ನಾನು ಬಹಳ ವರ್ಷಗಳ ಮೇಲೆ, ಇತಿಹಾಸದ ಅಧ್ಯಾಪಕನಾದ ನಂತರ ಓದಿದೆ. ಗಡಿಗಳನ್ನು ಹೇಳುವ ಭಾಗವನ್ನು ಎಲ್ಲರೂ ಓದುತ್ತಾರೆ. ಅದರಲ್ಲಿ ಆಸ್ತಿ ಮತ್ತು ಹೊಣೆಗಳ ಭಾಗವೊಂದಿದೆ. ಖಜಾನೆಯ ಶಿಲ್ಕು, ತೆರಿಗೆಯ ಬಾಕಿ, ಕೊಟ್ಟ ಸಾಲ, ತಂದ ಸಾಲ, ಭವಿಷ್ಯನಿಧಿ, ಗುತ್ತಿಗೆಗಳು, ಒಂದೊಂದಕ್ಕೂ ಒಂದೊಂದು ಕಲಮು. ಒಡಹುಟ್ಟಿದವರು ಪಾಲಾಗುವಾಗ ಹಿರಿಯರು ತಾಮ್ರದ ಹಂಡೆಯವರೆಗೂ ಪಟ್ಟಿ ಮಾಡುತ್ತಾರಲ್ಲ, ಅದೇ ಜಾಗರೂಕತೆ. ಪೆನ್ಷನ್ನಿನ ಅನುಸೂಚಿಯಲ್ಲಿ ಮಾಸ್ತರರಿಗೆ ಬೇಕಾದ ಉತ್ತರವಿತ್ತು. ಹಳೆಯ ರಾಜ್ಯ ಮಂಜೂರು ಮಾಡಿದ ಪೆನ್ಷನ್ನನ್ನು ಅದು ಯಾವ ಖಜಾನೆಯಲ್ಲಿ ಪಡೆಯಲ್ಪಡುತ್ತಿದೆಯೋ ಆ ಖಜಾನೆಯ ಹೊಸ ರಾಜ್ಯವೇ ಕೊಡತಕ್ಕದ್ದು. ಹೊರೆಯ ಹಂಚಿಕೆಯನ್ನು ಸರಕಾರಗಳು ಆಮೇಲೆ ತಮ್ಮತಮ್ಮಲ್ಲಿ ಸರಿಮಾಡಿಕೊಳ್ಳತಕ್ಕದ್ದು. ಮೊದಲು ಮುದುಕನ ಕೈಗೆ ಹಣ, ಆಮೇಲೆ ಸರಕಾರಗಳ ಜಗಳ. ಕಾಯಿದೆಯ ಒಣ ವಾಕ್ಯಗಳಲ್ಲಿ ನಾನು ಇಷ್ಟು ಮಮತೆಯ ವಾಕ್ಯವನ್ನು ಹೆಚ್ಚು ಕಂಡಿಲ್ಲ.

ಹಾಗೆಯೇ ನಡೆಯಿತು. ಡಿಸೆಂಬರ್ ಮೊದಲ ವಾರ ಮಾಸ್ತರರು ಪೇಢೆಯ ಪೊಟ್ಟಣ ಹಿಡಿದು ಬಂದರು. ನವೆಂಬರ್‌ನಲ್ಲಿ ನಾಡು ಒಂದಾಯಿತೆಂದು ಊರೆಲ್ಲ ಹಂಚಿದ ಸಿಹಿಯನ್ನು ಅವರು ಒಂದು ತಿಂಗಳು ತಡೆದು ಹಂಚಿದರು.

ಆ ವರ್ಷ ದೀಪಾವಳಿ ನವೆಂಬರ್‌ನ ಅದೇ ವಾರ ಬಂದಿತ್ತು. ನಮ್ಮ ಕಡೆ ವ್ಯಾಪಾರಿಗಳು ಹೊಸ ಖಾತೆಪುಸ್ತಕ ಪೂಜಿಸುವುದು ಆಗಲೇ. ಸ್ಟೇಷನ್ ರಸ್ತೆಯ ಕಾಳಿನ ಅಂಗಡಿಯವರೊಬ್ಬರು, "ಈ ಸರತಿ ಸರಕಾರದ್ದೂ ನಮ್ಮದೂ ಒಮ್ಮೆಲೆ ಹೊಸಾ ವಹಿ ಆತಲ್ರಿ" ಎಂದರಂತೆ. ಅವರ ವಹಿ ಮಾತ್ರ ಐದೇ ತಿಂಗಳಲ್ಲಿ ಮತ್ತೆ ಕೆಟ್ಟಿತು. 1957ರ ಏಪ್ರಿಲ್ 1ರಂದು ನಯೇ ಪೈಸೆ ಬಂತು. ಒಂದಾಣೆಗೆ ಆರು, ಎರಡಾಣೆಗೆ ಹನ್ನೆರಡು, ಮೂರಾಣೆಗೆ ಹತ್ತೊಂಬತ್ತು, ನಾಲ್ಕಾಣೆಗೆ ಇಪ್ಪತ್ತೈದು. ಒಂದೊಂದಾಣೆ ನಾಲ್ಕು ಸಲ ಕೊಟ್ಟವನಿಗೂ ನಾಲ್ಕಾಣೆ ಒಮ್ಮೆ ಕೊಟ್ಟವನಿಗೂ ಒಂದು ಪೈಸೆಯ ಅಂತರ! ಆ ಪೈಸೆ ಎಲ್ಲಿ ಹೋಯಿತೆಂದು ತಂದೆಯವರು ರಾತ್ರಿ ಕಂದೀಲಿನ ಮುಂದೆ ಹುಡುಕುತ್ತಿದ್ದರು. ಹೊಸ ರಾಜ್ಯದ ಮೊದಲ ಪೂರ್ಣ ಹಣಕಾಸು ವರ್ಷವೂ ದಶಮಾಂಶ ನಾಣ್ಯವೂ ಒಂದೇ ದಿನ ಹುಟ್ಟಿದವು. ಕಾರಕೂನರ ಪಾಲಿಗೆ ಅದು ಅವಳಿ ಹೆರಿಗೆ.

ಕಾಯಿದೆ ಕನ್ನಡಿಗರನ್ನು ಒಂದು ಮಾಡಿತು, ತೆರಿಗೆಗಳನ್ನು ಒಮ್ಮೆಲೇ ಒಂದು ಮಾಡಲಿಲ್ಲ. ಎಲ್ಲಿ ಯಾವ ಕಾನೂನಿತ್ತೋ ಅದು ಬದಲಾಗುವವರೆಗೆ ಅಲ್ಲಿ ಹಾಗೆಯೇ. ಮಾರಾಟ ತೆರಿಗೆಯನ್ನೇ ನೋಡಿ: ಮಂಗಳೂರಿನಲ್ಲಿ ಮದರಾಸಿನದು, ನಮ್ಮಲ್ಲಿ ಮುಂಬಯಿಯದು, ರಾಯಚೂರಿನಲ್ಲಿ ಹೈದರಾಬಾದಿನದು, ತುಮಕೂರಿನಲ್ಲಿ ಮೈಸೂರಿನದು. 1957ರ ಮೈಸೂರು ಮಾರಾಟ ತೆರಿಗೆ ಕಾಯಿದೆ ಆ ವರ್ಷ ಅಕ್ಟೋಬರ್ 1ರಂದು ಜಾರಿಗೆ ಬಂದಾಗ ಇದು ಮುಗಿಯಿತು. ಮುದ್ರಾಂಕ ಶುಲ್ಕ, ಮೋಟಾರು ತೆರಿಗೆ, ಕಾಫಿ ತೋಟಗಳನ್ನು ಮುಟ್ಟಿದ ಕೃಷಿ ಆದಾಯ ತೆರಿಗೆ ಇವುಗಳ ಕಾಯಿದೆಗಳೂ 1957ರವೇ. ಹಣಕಾಸು ಸಂಹಿತೆ ಮತ್ತು ಖಜಾನೆ ಸಂಹಿತೆ 1958ರಲ್ಲಿ. ಭೂಕಂದಾಯ ಮಾತ್ರ ಬಗ್ಗಲಿಲ್ಲ. ಅದರ ಏಕರೂಪದ ಕಾಯಿದೆ 1964ಕ್ಕೆ ಬಂತು. ಮಣ್ಣಿನ ಲೆಕ್ಕ ಮಣ್ಣಿನಷ್ಟೇ ಹಟಮಾರಿ.

ಮದ್ಯದ ವಿಷಯ ವಿನೋದಕರವೂ ಹೌದು, ಗಂಭೀರವೂ ಹೌದು. ಮುಂಬಯಿ ಸರಕಾರ 1949ರ ಕಾಯಿದೆಯಿಂದ ಪಾನನಿರೋಧ ತಂದಿದ್ದರಿಂದ ವಿಜಾಪುರ ಒಣ ಜಿಲ್ಲೆ. ನೆರೆಯ ಕಲಬುರ್ಗಿಯಲ್ಲಿ ಸೇಂದಿ, ಸಾರಾಯಿಯ ಗುತ್ತಿಗೆಯೇ ದೊಡ್ಡ ಉತ್ಪನ್ನ. ಒಂದೇ ರಾಜ್ಯದಲ್ಲಿ ಒಂದು ಕಡೆ ಕುಡಿದವನು ಅಪರಾಧಿ, ಇನ್ನೊಂದು ಕಡೆ ಕುಡಿದವನು ಬೊಕ್ಕಸದ ಪೋಷಕ. ಈ ಇಬ್ಬಂದಿಯಲ್ಲಿ ಬೊಕ್ಕಸವೇ ಗೆದ್ದಿತು. 1960ರ ದಶಕ ಮುಗಿಯುವ ಮುನ್ನ ಪಾನನಿರೋಧ ಹಿಂದೆ ಸರಿಯಿತು. ಅಬಕಾರಿ ಇಂದು ರಾಜ್ಯದ ದೊಡ್ಡ ಆದಾಯಗಳಲ್ಲೊಂದು. ಆ ಗೆಲುವನ್ನು ಹೆಮ್ಮೆಯಿಂದ ಹೇಳಲು ನನ್ನ ಮನಸ್ಸು ಒಪ್ಪದು.

ಕೊಡುವ ಮಾತಾಯಿತು, ಪಡೆಯುವ ಮಾತೇ ನಿಜವಾದ ಕಸಿವಿಸಿ. ಏಕೀಕರಣಕ್ಕೆ ಮುನ್ನ ಹಳೆಯ ಮೈಸೂರಿನ ಹಲವರಿಗೆ ಒಂದು ಅಳುಕಿತ್ತು: ತಾವು ಕೂಡಿಸಿ ಬೆಳೆಸಿದ ಸಂಪತ್ತು ಬರಗಾಲದ ಉತ್ತರ ಜಿಲ್ಲೆಗಳಲ್ಲಿ ಇಂಗಿಹೋದೀತೆಂದು. ಇದನ್ನು ಸ್ವಾರ್ಥವೆಂದು ತಳ್ಳಿಬಿಡುವುದು ಸುಲಭ. ನಾನು ಹಾಗೆ ಮಾಡಲಾರೆ. ಕೆರೆ ಕಟ್ಟಿದವನಿಗೆ ನೀರಿನ ಚಿಂತೆ ಇರುತ್ತದೆ. ಆದರೆ ನಮ್ಮ ಸೀಮೆಯ ಕಥೆಯನ್ನೂ ಕೇಳಬೇಕು. ಡೋಣಿ ಹರಿದರೆ ಓಣಿಯೆಲ್ಲ ಕಾಳು ಎಂಬ ಗಾದೆ ನಮ್ಮದು. ಡೋಣಿ ಹರಿಯದ ವರ್ಷಗಳ ಬಗ್ಗೆ ಗಾದೆಯಿಲ್ಲ, 1876ರಿಂದ 78ರ ಬರ ಮಾತ್ರ ಇದೆ. ತಿಕೋಟಾ, ಬಬಲೇಶ್ವರ ಈಗ ತಾಲೂಕುಗಳಾಗಿವೆ. ಆಗ ಅವು ವಿಜಾಪುರ ತಾಲೂಕಿನ ಹಳ್ಳಿಗಳು. ಅಲ್ಲಿಗೆ ತಂದೆಯವರು ಮಾಮಲೇದಾರರ ಸಂಗಡ ಆಣೆವಾರಿಗೆ ಹೋಗುತ್ತಿದ್ದರು. ಹದಿನಾರಾಣೆಯ ಪೂರ್ಣ ಬೆಳೆಗೆ ಈ ವರ್ಷ ಎಷ್ಟಾಣೆ ಬೆಳೆ ಎಂದು ಹೊಲ ನೋಡಿ ಬರೆಯುವುದು. ತೀರ ಕಡಿಮೆಯಾದರೆ ಕಂದಾಯ ತಡೆಯುವುದು. ಒಬ್ಬ ಮುದುಕ ರೈತ ಜೋಳದ ತೆನೆಯೊಂದನ್ನು ತಂದೆಯವರ ಅಂಗೈಯಲ್ಲಿಟ್ಟು ಏನೂ ಮಾತಾಡದೆ ನಿಂತನಂತೆ. ತೆನೆಯಲ್ಲಿ ಕಾಳಿರಲಿಲ್ಲ. ಅಂಥ ಜಿಲ್ಲೆ ಬೊಕ್ಕಸಕ್ಕೆ ಕೊಡುವುದು ಕಡಿಮೆ, ಕೇಳುವುದು ಹೆಚ್ಚು. ಐದು ಖಜಾನೆ ಒಂದಾದದ್ದರ ಅರ್ಥ, ಇದನ್ನು ಕೇಳುವಾಗ ಅದು ಪರರ ಮನೆಯ ಬಾಗಿಲಲ್ಲಿ ನಿಂತಿಲ್ಲ ಎಂಬುದು.

ಕೇಳಿದ್ದಕ್ಕೆ ಉತ್ತರ ಬಂದಿತೆ? ಬಂತು, ನಿಧಾನವಾಗಿ. ನಮ್ಮ ಜಿಲ್ಲೆಯವರೇ ಆದ ಬಿ. ಡಿ. ಜತ್ತಿಯವರು 1958ರಲ್ಲಿ ಮುಖ್ಯಮಂತ್ರಿಯಾದರು. ಆಲಮಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರ ಮೇನಲ್ಲಿ. ಅಣೆಕಟ್ಟು ನಾಡಿಗೆ ಸಮರ್ಪಣೆಯಾದದ್ದು 2006ರಲ್ಲಿ. ನಲವತ್ತೆರಡು ವರ್ಷ! ಆಯವ್ಯಯದ ಹಣ ಸಾಲದೆ 1994ರಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮ ಸ್ಥಾಪಿಸಿ ಬಾಂಡು ಮಾರಿ ಸಾಲ ಎತ್ತಬೇಕಾಯಿತು. 2002ರಲ್ಲಿ ಡಿ. ಎಂ. ನಂಜುಂಡಪ್ಪನವರ ಸಮಿತಿ ರಾಜ್ಯದ 175 ತಾಲೂಕುಗಳಲ್ಲಿ 114 ಹಿಂದುಳಿದವೆಂದಿತು. ಅವು ಉತ್ತರದಲ್ಲಷ್ಟೇ ಇರಲಿಲ್ಲ, ಹಳೆಯ ಮೈಸೂರಿನಲ್ಲೂ ಇದ್ದವು. ಕೊಡುವವರು ಒಂದು ದಿಕ್ಕಿನವರು, ಪಡೆಯುವವರು ಇನ್ನೊಂದು ದಿಕ್ಕಿನವರು ಎಂದು ನಾವು ಎರಡೂ ಕಡೆ ನಂಬಿದ್ದ ಕಥೆ ಆ ಪಟ್ಟಿಯ ಮುಂದೆ ನಿಲ್ಲಲಿಲ್ಲ.

ತಂದೆಯವರ ಮಾತಿನಿಂದಲೇ ಮುಗಿಸುತ್ತೇನೆ. ಐದು ಕಡೆಯ ನೌಕರರನ್ನು ಒಂದೇ ಸಾಲಿನಲ್ಲಿ ನಿಲ್ಲಿಸುವ ಜ್ಯೇಷ್ಠತಾ ಪಟ್ಟಿ ಅವರ ಕಚೇರಿಗೆ ಬರುವ ಹೊತ್ತಿಗೆ ಅವರು ನಿವೃತ್ತರಾಗಿದ್ದರು. ಬರಬೇಕಾದ ಬಡ್ತಿ ಕಾಗದದಲ್ಲಿ ಬಂತು. ಬೇಸರವಿರಲಿಲ್ಲವೆಂದರೆ ಸುಳ್ಳಾದೀತು. ಆದರೂ ತಿಂಗಳ ಮೊದಲ ವಾರ ತಪ್ಪದೆ ಕೋಟು ಹಾಕಿಕೊಂಡು ಪೆನ್ಷನ್ನಿಗೆ ಹೊರಡುತ್ತಿದ್ದರು. ಹಣ ಎಣಿಸಿಕೊಂಡು ಬಂದು ನನ್ನ ತಾಯಿಯ ಕೈಗಿಟ್ಟು, "ಮೈಸೂರಿನಾಂವ ಈ ತಿಂಗಳಾನೂ ಗುರುತು ಹಿಡದ" ಎನ್ನುತ್ತಿದ್ದರು. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು. ಅವರು ಮಾತ್ರ ಕೊನೆಯವರೆಗೂ "ಮೈಸೂರಿನಾಂವ" ಎಂದೇ ಹೇಳಿದರು. ಮಾಸ್ತರರ ಮಾತು ಅದು. ಆ ವೇಳೆಗೆ ಮಾಸ್ತರರು ತೀರಿಕೊಂಡು ಬಹಳ ವರ್ಷಗಳಾಗಿದ್ದವು.