ಹೊಕ್ಕುಳ ಸುತ್ತಲಿನ 14 ಇಂಜೆಕ್ಷನ್

ನಾಯಿ ಕಚ್ಚಿದರೆ ಹೊಕ್ಕುಳ ಸುತ್ತ 14 ಇಂಜೆಕ್ಷನ್ ಎಂದು ಕೇಳಿಯೇ ಕರ್ನಾಟಕದ ಹಲವು ತಲೆಮಾರುಗಳು ಹೆದರಿದ್ದವು. ಜನ ಹೆದರಿದ್ದು ಸೂಜಿಗೆ, ಹೆದರಬೇಕಾದದ್ದು ಸೀಸೆಯೊಳಗಿತ್ತು. 1911ರಲ್ಲಿ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ರೂಪಿಸಿದ ಈ ಲಸಿಕೆ, ರೇಬಿಸ್ ತಗುಲಿಸಿದ ಕುರಿಯ ಮಿದುಳನ್ನು ಅರೆದು, ವೈರಸ್ಸನ್ನು ಫಿನಾಲ್‌ನಿಂದ ಕೊಂದು ಮಾಡಿದ್ದು. ಕೂನೂರಿನ ಪಾಶ್ಚರ್ ಸಂಸ್ಥೆಯೂ ದಶಕಗಳ ಕಾಲ ಇಂಥದನ್ನೇ ತಯಾರಿಸಿತು. ಮದ್ದಿನ ಜೊತೆಗೆ ಕುರಿಯ ನರಗಳ ಹೊದಿಕೆಯಾದ ಮಯಲಿನ್ ಕೂಡ ಮೈಯೊಳಗೆ ಹೋಗುತ್ತಿತ್ತು. ಅದರ ಪ್ರೋಟೀನು ಮನುಷ್ಯರದ್ದಕ್ಕೆ ಬಹಳ ಹತ್ತಿರ. ಅದರ ಮೇಲೆ ಎರಗಲು ಕಲಿತ ರೋಗನಿರೋಧಕ ಶಕ್ತಿ ಕೆಲವರಲ್ಲಿ ಸ್ವಂತ ಮಿದುಳು, ಬೆನ್ನುಹುರಿಗಳ ಹೊದಿಕೆಯನ್ನೂ ಸುಲಿಯತೊಡಗುತ್ತಿತ್ತು. ಚಿಕಿತ್ಸೆ ಶುರುವಾದ ಒಂದೆರಡು ವಾರದಲ್ಲಿ ಜ್ವರ, ತಲೆನೋವು. ಆಮೇಲೆ ಕಾಲು ಸ್ವಾಧೀನ ತಪ್ಪುವುದು, ಮೂತ್ರ ಕಟ್ಟುವುದು. ಮಿದುಳಿಗೇ ಉರಿಯೂತ ಹಬ್ಬಿದರೆ ಫಿಟ್ಸ್, ಪ್ರಜ್ಞೆ ತಪ್ಪುವುದು.

ಇದು ರೇಬಿಸ್ಸಿನದೇ ಪಾರ್ಶ್ವವಾಯು, ಸರಿಯಾಗಿ ಸಾಯದ ವೈರಸ್ಸಿನ ಕೆಲಸ ಎಂಬ ವಾದವಿತ್ತು. ಕೈಕಾಲು ಬೀಳಿಸುವ ರೇಬಿಸ್ಸೂ ಇರುವುದರಿಂದ ಆ ಸಂಶಯ ಸಹಜವೇ. ಆದರೆ 1930ರ ದಶಕದಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಥಾಮಸ್ ರಿವರ್ಸ್ ಮತ್ತು ಸಂಗಡಿಗರು ಆರೋಗ್ಯವಂತ ಮೊಲದ ಮಿದುಳಿನ ಸಾರವನ್ನು ಕೋತಿಗಳಿಗೆ ಪದೇ ಪದೇ ಚುಚ್ಚಿದರು. ರೇಬಿಸ್ಸಿನ ಸೋಂಕೇ ಇಲ್ಲದೆ ಕೆಲವು ಕೋತಿಗಳ ಮಿದುಳಿಗೆ ಉರಿಯೂತ ಬಂತು, ಮಯಲಿನ್ ಕಳಚಿತು. ದೇಹ ತನ್ನ ನರಗಳನ್ನೇ ಹಾಳುಮಾಡಿಕೊಳ್ಳಬಲ್ಲದು ಎಂಬ ತಿಳಿವಳಿಕೆಗೆ, ಮಲ್ಟಿಪಲ್ ಸ್ಕ್ಲೆರೋಸಿಸ್ ಸಂಶೋಧನೆ ಇಂದಿಗೂ ಬಳಸುವ ಪ್ರಾಣಿಮಾದರಿಗೆ, ಬುನಾದಿ ಈ ಪ್ರಯೋಗ. ಆ ತಿಳಿವಳಿಕೆಯ ಬೆಲೆ ತೆತ್ತವರು ನಾಯಿ ಕಚ್ಚಿಸಿಕೊಂಡ ಬಡವರು. ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಅವರಿಗೂ ಜಾಗ ಸಿಗಬೇಕು.

ರೇಬಿಸ್ ಬಂದರೆ ಸಾವು ಬಹುತೇಕ ಖಚಿತ, ಕೆಲವರಿಗೆ ಬರುವ ಪಾರ್ಶ್ವವಾಯುವಿಗೆ ಹೆದರಿ ಲಸಿಕೆ ನಿಲ್ಲಿಸಲಾಗದು ಎಂಬ ಮಾತಿಗೆ ತೂಕವಿದೆ. ಬೇರೆ ಮದ್ದಿಲ್ಲದ ಕಾಲದಲ್ಲಿ ಅದೇ ಸರಿ. ಆದರೆ ಕಚ್ಚಿದ ನಾಯಿಗಳಿಗೆಲ್ಲ ರೇಬಿಸ್ ಇರುವುದಿಲ್ಲ. ರೋಗದ ಭಯವೇ ಇಲ್ಲದವರೂ ಅಷ್ಟೂ ಸೂಜಿ ಚುಚ್ಚಿಸಿಕೊಳ್ಳುತ್ತಿದ್ದರು. ಬೇರೆ ದಾರಿಗಳೂ ತೆರೆದವು. ಮಯಲಿನ್ ಇನ್ನೂ ಬೆಳೆಯದ ಇಲಿಮರಿಯ ಮಿದುಳಿನಿಂದ ಚಿಲಿಯಲ್ಲಿ 1955ರಲ್ಲೇ ಲಸಿಕೆ ಬಂತು. ಅದೂ ಪೂರ್ತಿ ನಿರಪಾಯವಲ್ಲ, ಆದರೆ ಕುರಿಮಿದುಳಿನದಕ್ಕಿಂತ ಮೇಲು. 1970ರ ದಶಕದ ಹೊತ್ತಿಗೆ ಮಿದುಳಿನ ಹಂಗೇ ಇಲ್ಲದ, ಜೀವಕೋಶಗಳಲ್ಲಿ ಬೆಳೆಸಿದ ಲಸಿಕೆ ಸಿದ್ಧವಾಯಿತು. ಕುರಿಮಿದುಳಿನ ಲಸಿಕೆಯ ತಯಾರಿಕೆ ಭಾರತದಲ್ಲಿ ನಿಂತದ್ದು 2004ರ ಕೊನೆಗೆ. ಅಷ್ಟು ವರ್ಷ ಅದನ್ನು ಉಳಿಸಿದ್ದು ಅಜ್ಞಾನವಲ್ಲ, ಅಗ್ಗದ ಬೆಲೆ. ದುಡ್ಡಿದ್ದವರು ಹೊಸ ಲಸಿಕೆ ಕೊಳ್ಳುತ್ತಿದ್ದರು, ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಂತವರಿಗೆ ಹಳೆಯದೇ. ಹೊಸ ಲಸಿಕೆಯನ್ನು ಚರ್ಮದೊಳಗೆ ಹನಿಯಷ್ಟು ಕೊಟ್ಟರೂ ಸಾಕೆಂದು ಥಾಯ್ಲೆಂಡ್ 1980ರ ದಶಕದಲ್ಲೇ ತೋರಿಸಿತ್ತು. ಖರ್ಚು ಇಳಿಸುವ ಆ ವಿಧಾನಕ್ಕೆ ಭಾರತ ಒಪ್ಪಿಗೆ ಕೊಟ್ಟದ್ದು 2006ರಲ್ಲಿ.